ಕಬ್ಬಿಣದ ಗೇಟಿನ ಮನೆ

ನಮ್ಮ ಹೊಸ್ತಿಲಲ್ಲಿ ಕೊಲೆಯಾಗಿದೆ ಎಂದು ಪೊಲೀಸರು ಬಂದ ದಿನ ನಮ್ಮವ್ವ ಅವರಿಗೆ ಶಿರಾ ತಿನ್ನಿಸಿ ಕಳಿಸಿದಳು. ಅವತ್ತು ಸಂಜೆ ಆಸ್ಪತ್ರೆಯ ಗೆಳತಿಯರಿಗೆ ಫೋನಿನಲ್ಲಿ ಈ ಕಥೆ ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗುತ್ತಲೇ ಹೇಳಿದ್ದೆ. ಈಗ ಹೇಳಿದರೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಯಾಕೆ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಸಿಟ್ಟು ನನಗೆ ಹೊಸದೇನಲ್ಲ. ನಾನು ಧಾರವಾಡದವಳು, ಮೂಗಿನ ತುದಿಯಲ್ಲೇ ಇಟ್ಟುಕೊಂಡು ಹುಟ್ಟಿದವಳು. ಮುರಿದ ಎಲುಬು ಕೂಡಿಸುವುದು ನನ್ನ ಕೆಲಸ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ರಿಜಿಸ್ಟ್ರಾರ್, ಅಂದರೆ ದೊಡ್ಡ ಡಾಕ್ಟರ ಕೈಕೆಳಗಿನ ಸರ್ಜನ್ ಕೆಲಸ ಸಿಕ್ಕಾಗ ಸಾಲ್ಫರ್ಡ್‌ನ ಫ್ಲ್ಯಾಟು ಬಿಟ್ಟು, ವುಲ್ವರ್‌ಹ್ಯಾಂಪ್ಟನ್ನಿನಿಂದ ಬಸ್ಸಿನ ದಾರಿಯಲ್ಲಿರುವ ಒಂದು ಸಣ್ಣ ಊರಿನಲ್ಲಿ ಮನೆ ಕೊಂಡೆವು. ಒಂದು ಕಾಲಕ್ಕೆ ಬೀಗ ಮಾಡುವವರ ಊರು ಅದು. ಕೆಂಪು ಇಟ್ಟಿಗೆಯ ಸಾಲು ಮನೆ, ಪಕ್ಕದವರಿಗೂ ನಮಗೂ ನಡುವೆ ಒಂದೇ ಗೋಡೆ, ಬಾಗಿಲು ತೆಗೆದರೆ ಒಂದು ಕಲ್ಲಿನ ಮೆಟ್ಟಿಲು, ಅದರ ಕೆಳಗೆ ಬೀದಿ. ಗಂಡ ಮೈಸೂರಿನವನು, ಐಟಿಯವನು, ಮನೆಯಿಂದಲೇ ಕೆಲಸ. ಅವನಿಗೆ ಎರಡೇ ಹುಚ್ಚು. ಒಂದು ಫಿಲ್ಟರ್ ಕಾಫಿ, ಇನ್ನೊಂದು ಫುಟ್‌ಬಾಲ್.

ಕೀಲಿಕೈ ಸಿಕ್ಕ ದಿನವೇ ಪಕ್ಕದ ಮನೆಯ ಮುದುಕರು ನಿಂಬೆಹಣ್ಣಿನ ಕೇಕ್ ಹಿಡಿದುಕೊಂಡು ಬಂದರು. ವಯಸ್ಸು ತೊಂಬತ್ತರ ಆಸುಪಾಸು, ಟೈ ಕಟ್ಟಿದ್ದರು. ಶಾಲೆಯಲ್ಲಿ ಮಾಸ್ತರರಾಗಿದ್ದವರಂತೆ, ಹುಟ್ಟಿದ ಮನೆಯಲ್ಲೇ ಇಷ್ಟು ವರ್ಷ ಕಳೆದವರಂತೆ. ಇಂಗ್ಲಿಷು ಟಿವಿಯಲ್ಲಿ ಸುದ್ದಿ ಓದುವವರ ಹಾಗೆ ಸ್ವಚ್ಛ. ಆದ್ದರಿಂದ ಅವರ ಮಾತನ್ನು ನಾನಿಲ್ಲಿ ನನ್ನ ಗಂಡನ ಕನ್ನಡದಲ್ಲಿ ಬರೆಯುತ್ತೇನೆ.

"ಯಾರ ಮನೆಗೆ ಬಂದಿದ್ದೀರಿ ಅಂತ ಗೊತ್ತೇನಮ್ಮ ನಿಮಗೆ?" ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು. "ಇದು ಕಬ್ಬಿಣದ ಗೇಟಿನ ಮನೆ."

ನಾನು ಹಿತ್ತಲಿನ ಗೇಟು ನೋಡಿದೆ. ಅದು ಮರದ್ದು. ಮಾಸ್ತರು ಕೇಕೆ ಹಾಕಿ ನಕ್ಕರು. ಕಬ್ಬಿಣದ ಗೇಟು ಎಂದರೆ ಒಬ್ಬ ಫುಟ್‌ಬಾಲ್ ಆಟಗಾರ. ನೂರು ವರ್ಷಕ್ಕೂ ಹಿಂದೆ ಈ ಊರಿಗೊಂದು ಕ್ಲಬ್ಬಿತ್ತು. ಈಗ ಅದು ಇಲ್ಲ, ಆಟದ ಮೈದಾನದ ಮೇಲೆ ಸೂಪರ್‌ಮಾರ್ಕೆಟ್ ಎದ್ದಿದೆ. ಆ ಕ್ಲಬ್ಬಿನ ಹಾಫ್ ಬ್ಯಾಕ್, ಅಂದರೆ ನಡುವೆ ನಿಂತು ಎದುರಿನವರನ್ನು ತಡೆಯುವವನು, ಈ ಮನೆಯಲ್ಲಿ ಬಾಳಿ ಸತ್ತವನು. ಅವನನ್ನು ದಾಟಿ ಚೆಂಡು ಹೋದರೆ ಆಟಗಾರ ಹೋಗುತ್ತಿರಲಿಲ್ಲ, ಆಟಗಾರ ಹೋದರೆ ಚೆಂಡು ಹೋಗುತ್ತಿರಲಿಲ್ಲ. ಅದಕ್ಕೇ ಆ ಹೆಸರು.

ನನ್ನ ಗಂಡನ ಕಣ್ಣು ಗೋಲಿಯಷ್ಟಾದವು. ಮಾಸ್ತರಿಗೆ ಅಷ್ಟು ಸಾಕಾಯಿತು.

ಆ ಗೇಟು ಅನ್ನುವವನು ಬೀಗಕ್ಕೆ ಅರ ಹಾಕುವವನ ಮಗ. ಬೆಂಚಿನ ಮೇಲೆ ಬಗ್ಗಿ ಬಗ್ಗಿ ಈ ಊರಿನ ಗಂಡಸರು ಮೀಸೆ ಬರುವ ಮೊದಲೇ ಗೂನರಾಗುತ್ತಿದ್ದರಂತೆ. ಗೂನು ಹಿಡಿಸಲಿ ಎಂದು ಪಬ್ಬಿನ ಗೋಡೆಗಳಲ್ಲಿ ಕುಳಿ ಕೊರೆದಿದ್ದರು ಎಂದೂ ಹೇಳುತ್ತಾರೆ. ಅವನು ಬೆನ್ನು ಬಾಗುವ ಮೊದಲೇ ಮೈದಾನಕ್ಕೆ ಹಾರಿದ. ಆದರೆ ಅರವನ್ನು ಬಿಡಲಿಲ್ಲ. ಶುಕ್ರವಾರ ಸಂಜೆ ಇದೇ ಅಡುಗೆಮನೆಯಲ್ಲಿ ಕೂತು, ಬೂಟಿನ ಅಡಿಯಲ್ಲಿ ನೆಲ ಕಚ್ಚಲೆಂದು ಇರುವ ಚರ್ಮದ ಗುಬುಟುಗಳನ್ನು ಅರದಿಂದ ಸವೆಸಿ, ಒಳಗಿನ ಮೊಳೆಯ ತಲೆ ಕೂದಲೆಳೆಯಷ್ಟು ಹೊರಗೆ ಬರುವ ಹಾಗೆ ಮಾಡುತ್ತಿದ್ದ. ಆಟಕ್ಕೆ ಮುಂಚೆ ರೆಫ್ರಿ ಬೂಟು ಮುಟ್ಟಿ ನೋಡುವಾಗ ಅಲ್ಲಿ ಕೆಸರು ಮೆತ್ತಿರುತ್ತಿತ್ತು. ಆಟ ಮುಗಿದಾಗ ಎದುರಿನವರ ಮೊಣಕಾಲಿನಿಂದ ಪಾದದವರೆಗೆ ಸಿಪ್ಪೆ ಸುಲಿದಿರುತ್ತಿತ್ತು.

"ಆಗಿನ ಆಟ ಗಂಡಸರ ಆಟ," ಎಂದರು ಮಾಸ್ತರು. ಭುಜದಿಂದ ಗುದ್ದುವುದು ಕಾನೂನಿಗೆ ಒಪ್ಪಿಗೆ. ಗೋಲ್‌ಕೀಪರನನ್ನು ಚೆಂಡಿನ ಸಮೇತ ಬಲೆಯೊಳಗೆ ದಬ್ಬಿದರೂ ಒಪ್ಪಿಗೆ. ಚರ್ಮದ ಚೆಂಡು ಮಳೆ ಕುಡಿದರೆ ಕಲ್ಲು. ಅದರ ಹೊಲಿಗೆಯ ದಾರ ಹಣೆಗೆ ಬಡಿದರೆ ಹಣೆ ಬಿರಿಯುತ್ತಿತ್ತು. ಇವನು ಒಮ್ಮೆ ಕೊರಳೆಲುಬು ಮುರಿದುಕೊಂಡೂ ಆಟ ಮುಗಿಸಿ, ನಡೆದುಕೊಂಡೇ ಮನೆಗೆ ಬಂದಿದ್ದನಂತೆ. ಮೊದಲ ಮಹಾಯುದ್ಧಕ್ಕೆ ಹೋಗಿ, ಬೆನ್ನಲ್ಲಿ ಗುಂಡಿನ ಚೂರು ಇಟ್ಟುಕೊಂಡು ಬಂದು, ಮತ್ತೆ ಆಡಿದ. ಮಂಡಿ ಪೂರ್ತಿ ಹೋದ ಮೇಲೆ ಅದೇ ಕ್ಲಬ್ಬಿನಲ್ಲಿ ಬಕೀಟು, ಸ್ಪಂಜು ಹಿಡಿದು, ಬಿದ್ದ ಆಟಗಾರರ ಮುಖಕ್ಕೆ ತಣ್ಣೀರು ಒತ್ತಿ ಎಬ್ಬಿಸುವ ಟ್ರೇನರ್ ಆದ. ಮಾಸ್ತರು ಚಿಕ್ಕವರಿದ್ದಾಗ ನೋಡಿದ್ದು ಅವನನ್ನು, ಆ ವಯಸ್ಸಿನಲ್ಲಿ. ಒಮ್ಮೆ ಚೆಂಡು ಮುಟ್ಟಲು ಕೊಟ್ಟಿದ್ದನಂತೆ. ಅದನ್ನು ಹೇಳುವಾಗ ಚೆಂಡು ಹಿಡಿದವರ ಹಾಗೆ ಎರಡೂ ಕೈ ಮುಂದೆ ಚಾಚಿದರು.

ಆಮೇಲೆ ಬಂತು ಅವರ ಮೆಚ್ಚಿನ ಕಥೆ. ಮ್ಯಾಂಚೆಸ್ಟರ್ ಕಡೆಯಿಂದ ಬಂದ ದೊಡ್ಡ ತಂಡ, ಕಪ್ಪಿನ ಪಂದ್ಯ. ಅವರ ಎಡಬದಿಯ ಆಟಗಾರ ಗಾಳಿಯ ಹಾಗೆ ಓಡುವವನು. ಮೊದಲ ಅರ್ಧದಲ್ಲಿ ಗೇಟನ್ನು ಎರಡು ಸಲ ದಾಟಿ ಹೋಗಿ ಜನರನ್ನು ನಗಿಸಿದ. ಮೂರನೇ ಸಲ ಬಂದಾಗ ಗೇಟು ಚೆಂಡನ್ನು ನೋಡಲೇ ಇಲ್ಲ.

ಮಾಸ್ತರು ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ಲಟಕ್ಕನೆ ಮುರಿದರು. "ಗೋಲಿನ ಹಿಂದೆ ನಿಂತವರಿಗೂ ಕೇಳಿಸಿತಂತೆ! ಜನ ಹಾಡು ಕಟ್ಟಿ ಹಾಡಿದರಂತೆ!"

ಗಂಡ ಹೋ ಎಂದು ನಕ್ಕ. ನನಗೆ ಮೈ ಉರಿಯಿತು. ಆ ವಾರವೇ ಬೈಕಿನಿಂದ ಬಿದ್ದ ಒಬ್ಬನ ಕಣಕಾಲೆಲುಬು ಚರ್ಮ ಹರಿದುಕೊಂಡು ಹೊರಗೆ ಬಂದಿದ್ದನ್ನು ನಾನು ತೊಳೆದು ಒಳಗೆ ಕೂರಿಸಿದ್ದೆ. "ಆ ಹುಡುಗ ಆಮೇಲೆ ಆಡಿದನೇ?" ಎಂದು ಕೇಳಿದೆ.

"ಯಾವ ಹುಡುಗ?" ಎಂದರು ಮಾಸ್ತರು. ಕಾಲು ಮುರಿದವನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ.

ಏಳುವ ಮೊದಲು ಬಂದ ಕೆಲಸ ಹೇಳಿದರು. ಹಳೆಯ ಕ್ಲಬ್ಬಿನ ನೆನಪಿಗೆಂದು ಕೆಲವರು ಸೇರಿ ಸಂಘ ಮಾಡಿಕೊಂಡಿದ್ದಾರೆ. ನಮ್ಮ ಮನೆಯ ಮುಂಗೋಡೆಗೆ, ಬಾಗಿಲ ಮೇಲೆ, ಅವನ ಹೆಸರಿನ ಗುಂಡನೆಯ ಫಲಕ ಹಾಕಬೇಕು. ಹಿಂದಿನ ಮಾಲೀಕ ಒಪ್ಪಿರಲಿಲ್ಲ. ನನ್ನ ಗಂಡ ನನ್ನ ಮುಖವನ್ನೂ ನೋಡದೆ, "ಖಂಡಿತ ಸರ್, ಅದು ನಮ್ಮ ಪುಣ್ಯ," ಎಂದು ಕೈ ಕುಲುಕಿಬಿಟ್ಟ.

ಮುಂದಿನ ಶನಿವಾರ ಗೃಹಪ್ರವೇಶ. ಅವ್ವ ಅದಕ್ಕೆಂದೇ ಧಾರವಾಡದಿಂದ ಬಂದಿದ್ದಳು. ಬೂದುಗುಂಬಳಕಾಯಿ ವುಲ್ವರ್‌ಹ್ಯಾಂಪ್ಟನ್ನಿನ ನಮ್ಮವರ ಅಂಗಡಿಯಲ್ಲಿ ಸಿಕ್ಕಿತು. ಊರಲ್ಲಾದರೆ ಕಾಯಿಗೆ ತೂತು ಕೊರೆದು ಒಂದು ಚಿಟಿಕೆ ಕುಂಕುಮ ಹಾಕುತ್ತಾರೆ. ಅವ್ವ ಪೊಟ್ಟಣವನ್ನೇ ಸುರಿದಳು, ಮೇಲೆ ಅರಿಶಿನ, ಸುಣ್ಣದ ನೀರು.

"ಯವ್ವಾ, ಸಾಕ ಬಿಡ," ಅಂದೆ.

"ನೀ ಸುಮ್ಮನಿರ. ಪರದೇಶಿ ಮನಿ, ಯಾರ್ಯಾರು ಇದ್ದು ಹೋಗ್ಯಾರೋ ಏನೋ. ದೃಷ್ಟಿ ಹೋಗಲಿ."

ಗಂಡ ಬಿಳಿ ಪಂಚೆ ಉಟ್ಟುಕೊಂಡು, ಕಾಯಿಯ ಮೇಲೆ ಕರ್ಪೂರ ಹಚ್ಚಿ, ಬಾಗಿಲಿಗೆ ನಿವಾಳಿಸಿ, ಗೋಲು ಹೊಡೆದವನ ಹುರುಪಿನಲ್ಲಿ ಮೆಟ್ಟಿಲಿಗೆ ಅಪ್ಪಳಿಸಿದ. ಕಾಯಿ ಸಿಡಿಯಿತು. ಮೆಟ್ಟಿಲು, ಬಾಗಿಲು, ಗೋಡೆ, ಪಂಚೆ, ನನ್ನ ಕೈ, ಎಲ್ಲ ರಕ್ತಗೆಂಪು. ಮೆಟ್ಟಿಲಿನಿಂದ ಅದು ಹನಿಹನಿಯಾಗಿ ಬೀದಿಗೆ ಇಳಿಯತೊಡಗಿತು.

ಎದುರು ಬೀದಿಯಲ್ಲಿ ಗಾಲಿಯ ವಾಕರ್ ತಳ್ಳಿಕೊಂಡು ಒಬ್ಬಳು ಅಜ್ಜಿ ಹೋಗುತ್ತಿದ್ದಳು. ಅವಳು ನಿಂತಳು. ಮೆಟ್ಟಿಲು ನೋಡಿದಳು. ನಾನು ಆಸ್ಪತ್ರೆಯಲ್ಲಿ ಎಷ್ಟೋ ಕೂಗು ಕೇಳಿದ್ದೇನೆ, ಆ ಥರದ ಕೂಗು ಕೇಳಿಲ್ಲ. ಸಣ್ಣ ಮಗು ಕೂಗಿದ ಹಾಗಿತ್ತು. ವಾಕರ್ ಬಿಟ್ಟು ಫುಟ್‌ಪಾತಿನ ಮೇಲೆ ಕುಸಿದಳು. ನಾನು ಕೆಂಪು ಕೈಯಲ್ಲೇ ಓಡಿದೆ. ನನ್ನ ಕೈ ನೋಡಿ ಅವಳು ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದು ಮುದುರಿಕೊಂಡಳು.

"ಕಾಯಿ ಅಜ್ಜಿ, ಬರೀ ಕಾಯಿ, ಬಣ್ಣ!" ಎಂದು ನಾನು ಕೂಗುತ್ತಿದ್ದೆ. ಅಷ್ಟರಲ್ಲಿ ಪೊಲೀಸ್ ಕಾರು ಬಂತು. ಮಾಸ್ತರು ಮಹಡಿಯ ಕಿಟಕಿಯಿಂದ ನೋಡಿ ಫೋನ್ ಮಾಡಿದ್ದರು. ಇಬ್ಬರು ಪೊಲೀಸರು ಪಂಚೆಯ ಮೇಲಿನ ಕೆಂಪನ್ನೂ, ಹೋಳಾದ ಕಾಯಿಯನ್ನೂ, ಅವ್ವನನ್ನೂ ಒಂದೊಂದಾಗಿ ನೋಡಿದರು. ಅರ್ಥವಾದ ಮೇಲೆ ಅವರಿಗೂ ನಗು. ಅವ್ವ ಶಿರಾ ತಂದು ಕೈಗೆ ಕೊಟ್ಟಳು. ಅಜ್ಜಿ ಮಾತ್ರ ನಗಲಿಲ್ಲ. ಒಳಗೆ ಬಂದು ನೀರು ಕುಡಿ ಎಂದರೆ, ಮೆಟ್ಟಿಲು ತೋರಿಸಿ, "ಅದನ್ನ ದಾಟಂಗಿಲ್ಲ ನಾ," ಎಂದಳು.

ಅವಳ ಇಂಗ್ಲಿಷು ಮಾಸ್ತರ ಥರದ್ದಲ್ಲ, ಈ ಕಡೆಯ ಬೀದಿಯ ಇಂಗ್ಲಿಷು. ಪದ ನುಂಗಿ, ರಾಗ ಎಳೆದು, ಮುಖಕ್ಕೆ ಹೊಡೆದ ಹಾಗೆ ಆಡುವ ಮಾತು. ನನ್ನ ಕಿವಿಗೆ ಅದು ನಮ್ಮ ದೊಡ್ಡವ್ವನ ಧಾರವಾಡದ ಮಾತೇ. ಹಾಗೇ ಬರೆಯುತ್ತೇನೆ.

ಮರುದಿನ ತಪ್ಪಾಯಿತು ಅನ್ನೋಣ ಎಂದು ರವೆ ಉಂಡಿ ಕಟ್ಟಿಕೊಂಡು ಅವಳಿರುವಲ್ಲಿಗೆ ಹೋದೆ. ನಮ್ಮ ಬೀದಿಯ ತುದಿಯಲ್ಲಿ ಮುದುಕರಿಗೆಂದು ಕಟ್ಟಿದ ಫ್ಲ್ಯಾಟುಗಳಿವೆ, ಅಲ್ಲಿ ಒಬ್ಬಳೇ ಇದ್ದಳು. ತೊಂಬತ್ತು ದಾಟಿದ ಹೆಣ್ಣು, ಬೀಗದ ಕಾರ್ಖಾನೆಯಲ್ಲಿ ದುಡಿದವಳು, ಮದುವೆ ಮಾಡಿಕೊಂಡಿರಲಿಲ್ಲ.

"ನೀ ಆ ಮನಿ ತಗೊಂಡಾಕಿ," ಎಂದಳು. "ನಾ ಆ ಮನ್ಯಾಗ ಹುಟ್ಟಿದಾಕಿ. ಗೇಟು ನಮ್ಮಪ್ಪ."

ಅವಳು ಬಲಗೈ ತೋಳು ಮೇಲೆ ಸರಿಸಿ ಮುಂದೆ ಚಾಚಿದಳು. "ಎಲುಬಿನ ಡಾಕ್ಟರಂತ ನೀ. ಹೇಳ ನೋಡೋಣು, ಇದು ಹೆಂಗ ಮುರದದ?"

ಮುಟ್ಟಿ ನೋಡಿದೆ. ಮೊಣಕೈಯಿಂದ ಮಣಿಕಟ್ಟಿಗೆ ಬರುವ ಎಲುಬು ನಟ್ಟನಡುವೆ ಮುರಿದು, ಯಾರೂ ಕೂಡಿಸದೆ, ಸೊಟ್ಟಗೆ ತಾನೇ ಕೂಡಿಕೊಂಡಿತ್ತು. ಬಿದ್ದರೆ ಅಲ್ಲಿ ಮುರಿಯುವುದಿಲ್ಲ. ತಲೆಗೆ ಬೀಳುವ ಏಟಿಗೆ ತೋಳು ಅಡ್ಡ ಹಿಡಿದರೆ ಅಲ್ಲಿ ಮುರಿಯುತ್ತದೆ. ಈ ಊರಿನ ಹೆಂಗಸರ ಕೈಯಲ್ಲಿ ನಾನು ಈಗಲೂ ಅದನ್ನು ನೋಡುತ್ತೇನೆ, ಮೆಟ್ಟಿಲಿನಿಂದ ಜಾರಿದೆ ಅನ್ನುತ್ತಾರೆ.

"ಹೊಡೆದದ್ದು," ಎಂದೆ.

"ಹೂಂ," ಎಂದಳು. "ಇಷ್ಟ ದಿನಕ್ಕ ಒಬ್ಬಾಕಿ, ನಾ ಹೇಳದನ ತಿಳಕೊಂಡಿ."

ಆಮೇಲೆ ತಡೆಯಿಲ್ಲದೆ ಹೇಳಿದಳು. ಶನಿವಾರ ಮಧ್ಯಾಹ್ನ ಅವಳವ್ವ ಹಿತ್ತಲಿನ ಬಾಗಿಲು ತೆಗೆದಿಟ್ಟು ಮೈದಾನದ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದಳಂತೆ. ಜನರ ಗದ್ದಲ ಎದ್ದರೆ ಅಡುಗೆಗೆ ಇಡುವಳು. ಮೈದಾನ ತಣ್ಣಗಿದ್ದರೆ ಒಲೆಯ ಕಬ್ಬಿಣದ ಸಲಾಕೆ, ಚಾಕು, ಗಾಜಿನ ಸಾಮಾನು, ಒಂದೊಂದಾಗಿ ಬಚ್ಚಿಡುವಳು. ಆಮೇಲೆ ಮಗಳನ್ನು ಮಹಡಿಗೆ ಅಟ್ಟುವಳು. ಆಡುವ ಕಾಲು ಹೋದರೂ ಒದೆಯುವ ಕಾಲು ಹೋಗಿರಲಿಲ್ಲ ಅಪ್ಪನಿಗೆ. ಕೈಯಲ್ಲಿ ಹೊಡೆಯುತ್ತಿದ್ದುದು ಕಡಿಮೆ. ಮೈದಾನದಲ್ಲಿ ಒದ್ದ ಹಾಗೇ, ಕಣಕಾಲಿಗೆ, ಮಂಡಿಗೆ, ಬಿದ್ದ ಮೇಲೆ ಪಕ್ಕೆಗೆ.

ಅವಳಿಗೆ ಒಂಬತ್ತು ವರ್ಷವಿದ್ದಾಗ ಒಂದು ಶನಿವಾರ ತಂಡ ಸೋತಿತು. ಕೆಳಗಿನಿಂದ ಬಂದ ಸದ್ದಿಗೆ ಮಗಳು ಮಹಡಿಯಿಂದ ಇಳಿದಳು. ನಡುವೆ ಹೋದವಳ ತೋಳಿಗೆ ಮೊದಲ ಏಟು. ಅವ್ವ ಮಗಳನ್ನು ಹಿಂದಕ್ಕೆ ಎಳೆದುಕೊಂಡು ಮುಂಬಾಗಿಲು ತೆಗೆದಳು, ಬೀದಿಗೆ ಓಡಬೇಕೆಂದು. ಅಪ್ಪ ಹಿಂದಿನಿಂದ ಒದ್ದ. ಅವ್ವ ಹಾರಿ ಬಿದ್ದಳು. ತಲೆ ಮೆಟ್ಟಿಲಿನ ಅಂಚಿಗೆ ಬಡಿಯಿತು.

"ಆಮ್ಯಾಲ ಏನ ಮಾಡಿದಾ ಗೊತ್ತೇನ?" ಎಂದಳು ಅಜ್ಜಿ. "ಒಳಗ ಹೋಗಿ ತನ್ನ ಬಕೀಟು, ಸ್ಪಂಜು ತಂದ. ಮೈದಾನದಾಗ ಮಾಡ್ತಿದ್ದನಲ್ಲ, ಹಂಗ ಅವ್ವನ ಹಣಿಗೆ ತಣ್ಣೀರ ಒತ್ತಿದ. 'ಏಳ, ಏಳ, ಏನಾಗಿಲ್ಲ, ಏಳ' ಅಂದ. ಒತ್ತಿದ, ಹಿಂಡಿದ, ಒತ್ತಿದ. ಬಕೀಟೆಲ್ಲಾ ಕೆಂಪಾತು. ಅವ್ವ ಏಳಲಿಲ್ಲ."

ಮೆಟ್ಟಿಲು ತೊಳೆಯುವಾಗ ಜಾರಿ ಬಿದ್ದಳು ಎಂದಾಯಿತು. ಆಗ ಹೆಂಗಸರು ವಾರಕ್ಕೊಮ್ಮೆ ಮುಂದಿನ ಮೆಟ್ಟಿಲನ್ನು ಉಜ್ಜಿ ತೊಳೆಯುತ್ತಿದ್ದರು, ನಮ್ಮಲ್ಲಿ ಹೊಸ್ತಿಲು ಸಾರಿಸಿದ ಹಾಗೆ. ಬಂದ ಪೊಲೀಸಿನವನು ಪ್ರತಿ ಶನಿವಾರ ಮೈದಾನದಲ್ಲಿ ನಿಂತು ಅಪ್ಪನ ಹೆಸರು ಕೂಗುವವನು. ಕಲೆ ಹೋಗಲಿಲ್ಲವಾದ್ದರಿಂದ ಅಪ್ಪ ಮೆಟ್ಟಿಲಿಗೆ ಕೆಂಪು ಪಾಲಿಶ್ ಬಳಿದ. ನೋಡಿದವರು, ಹೆಂಡತಿ ಹೋದರೂ ಮನೆ ಎಷ್ಟು ಚೊಕ್ಕಟ ಇಟ್ಟಿದ್ದಾನೆ ಪಾಪ ಎಂದರು. ಅವನು ಸತ್ತಾಗ ಊರಿಗೆ ಊರೇ ಬೀದಿಯಲ್ಲಿ ನಿಂತು ಟೊಪ್ಪಿಗೆ ತೆಗೆಯಿತು. ಅಜ್ಜಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ನಂಬುವವರು ಯಾರು?

"ಅಂಗಡಿಗೆ ಹೋಗಬೇಕಂದ್ರ ನನಗ ಇದೊಂದ ಹಾದಿ," ಎಂದಳು. "ಆ ಬಾಗಲಾ ನೋಡದ ದಾಟೂದ ಕಲತೀನಿ. ಈಗ ಅದರ ಮ್ಯಾಲ ಅವನ ಹೆಸರ ಹಾಕತಾರಂತ. ಸಾಯೂತನಕಾ ಅದರ ಬುಡಕ ನಡೀಬೇಕು ನಾ. ನಿನ್ನ ಮನಿ ಅದು. ಬ್ಯಾಡ ಅನ್ನವ್ವಾ."

ನಾನು ಬೇಡವೆಂದೇ ಹೇಳುತ್ತೇನೆ ಎಂದು ಅವಳ ಸೊಟ್ಟ ಕೈ ಹಿಡಿದು ಮಾತು ಕೊಟ್ಟೆ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಬಂದೆ. ಆ ಮನುಷ್ಯ ಎದುರಿಗೆ ಸಿಕ್ಕಿದ್ದರೆ ಎರಡೂ ಮಂಡಿ ಚಿಪ್ಪು ಕಿತ್ತು ಕೈಗೆ ಕೊಡುತ್ತಿದ್ದೆ. ಎಲುಬು ಕೂಡಿಸಲು ಕಲಿತವಳಿಗೆ ಮುರಿಯುವುದೂ ಗೊತ್ತಿರುತ್ತದೆ.

ಗಂಡನಿಗೆ ಹೇಳಿದರೆ ಅವನು ತಲೆ ಕೆರೆದುಕೊಂಡ. "ಅಯ್ಯೋ ಪಾಪ ಕಣೇ. ಆದ್ರೆ ಮಾತು ಕೊಟ್ಬಿಟ್ಟಿದ್ದೀನಲ್ಲ. ಈಗಷ್ಟೇ ಬಂದಿದ್ದೀವಿ ಈ ಬೀದಿಗೆ. ಮೊದಲ್ನೇ ವಾರ ಪೊಲೀಸು, ಎರಡ್ನೇ ವಾರ ಜಗಳ ಅಂದ್ರೆ ಏನಂದ್ಕೋತಾರೆ?"

"ನೀ ಕೊಟ್ಟ ಮಾತು ಬಿಸ್ಕೀಟಿನ ಜೋಡಿ ಕೊಟ್ಟಿದ್ದು. ನಾ ಕೊಟ್ಟಿದ್ದು ಮುರದ ಕೈ ಹಿಡದು ಕೊಟ್ಟಿದ್ದು," ಎಂದೆ.

ಮಾಸ್ತರ ಮನೆಗೆ ನಾನೇ ಹೋಗಿ ಫಲಕ ಬೇಡವೆಂದೆ, ಯಾಕೆ ಅನ್ನುವುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಅವಳಿಗೆ ಈಚೆಗೆ ಅರಳುಮರಳು. ಕುಂಬಳಕಾಯಿ ನೋಡಿ ರಕ್ತ ಅಂದವಳು. ತಾಯಿ ಜಾರಿ ಬಿದ್ದಳು. ನಾವೆಲ್ಲ ಇಲ್ಲೇ ಇದ್ದವರು, ನಮಗೆ ಗೊತ್ತಿಲ್ಲವೇ? ನೀವು ನಿನ್ನೆ ಬಂದವರು."

"ನಿನ್ನೆ ಬಂದವಳಿಗೂ ಎಲುಬು ಓದೋಕೆ ಬರುತ್ತದೆ," ಎಂದು ಬಾಗಿಲು ದಢಾರನೆ ಹಾಕಿಕೊಂಡು ಬಂದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ನನ್ನ ದಡ್ಡತನ. ಮುಂದಿನ ಶನಿವಾರ ಬೆಳಿಗ್ಗೆ ಅವ್ವ ಪೂಜೆಗೆ ಕೂತಿದ್ದಳು, ನಾನು ರೊಟ್ಟಿ ತಟ್ಟುತ್ತಿದ್ದೆ. ಮುಂಗೋಡೆಯಲ್ಲಿ ಡ್ರಿಲ್ ಕೊರೆಯುವ ಸದ್ದು. ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದರೆ ಏಣಿಯ ಮೇಲೆ ಸಂಘದ ಒಬ್ಬ, ಕೆಳಗೆ ಏಣಿ ಹಿಡಿದವನೊಬ್ಬ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಫಲಕ ಅಪ್ಪಿಕೊಂಡ ಮಾಸ್ತರು. ಆಚೆ ಏಳೆಂಟು ಜನ, ಕುತ್ತಿಗೆಗೆ ಹಳೆಯ ಕ್ಲಬ್ಬಿನ ಬಣ್ಣದ ಪಟ್ಟಿ ಸುತ್ತಿಕೊಂಡು.

"ನಿಮ್ಮ ಯಜಮಾನರು ಕೈ ಕುಲುಕಿದ್ದಾರೆ," ಎಂದರು ಮಾಸ್ತರು.

ನನ್ನ ಕಣ್ಣಿಗೆ ಕತ್ತಲೆ ಕಟ್ಟಿತು. ಏಣಿಯನ್ನು ಹಿಡಿದು ಅಲುಗಿಸಿದೆ. ಮೇಲಿದ್ದವನು ಹೋ ಹೋ ಎಂದು ಕೂಗಿ ಗೋಡೆಗೆ ಅಂಟಿಕೊಂಡ. ಕೆಳಗಿದ್ದವನು ನನ್ನ ರಟ್ಟೆ ಹಿಡಿದು ಎಳೆದ, ನಾನು ಹಿಟ್ಟಿನ ಕೈಯಿಂದ ಅವನ ಎದೆಗೆ ಗುದ್ದಿದೆ. "ಇಳೀತೀಯೋ, ಕೆಡವಲೋ?" ಎಂದು ಕನ್ನಡದಲ್ಲೇ ಅಬ್ಬರಿಸಿದೆ. ಗಂಡ ಓಡಿ ಬಂದು ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಇನ್ನೊಂದು ನಿಮಿಷ ಹಾಗೇ ನಡೆದಿದ್ದರೆ ನಾನು ಅವತ್ತು ಯಾರದಾದರೂ ಎಲುಬು ಮುರಿಯುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ.

ವಾಕರಿನ ಗಾಲಿ ಕಿರ್ರೆಂದಿತು. ಜನ ಸರಿದು ದಾರಿ ಬಿಟ್ಟರು. ಅಜ್ಜಿ ಬೀದಿ ದಾಟಿ ಬಂದಳು. ಮೆಟ್ಟಿಲಿನ ಮುಂದೆ ನಿಂತು ಒಂದು ಸಲ ಉಸಿರೆಳೆದುಕೊಂಡು, ವಾಕರ್ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ತಿರುಗಿ ಅದರ ಮೇಲೆ ಕೂತಳು.

"ಕೊರೀಪಾ," ಎಂದಳು ಏಣಿಯವನಿಗೆ. "ನನ್ನ ನೆತ್ತಿ ಮ್ಯಾಲೇ ಕೊರಿ."

ಅವನು ಡ್ರಿಲ್ ಆಫ್ ಮಾಡಿದ. ಮಾಸ್ತರು ಬಗ್ಗಿ, ಶಾಲೆಯಲ್ಲಿ ಮಗುವಿಗೆ ಹೇಳುವ ದನಿಯಲ್ಲಿ, "ಏಳು. ನೀನಾಗ ಚಿಕ್ಕವಳು. ನಿನ್ನ ತಾಯಿ ಜಾರಿ ಬಿದ್ದಳು, ಎಲ್ಲರಿಗೂ ಗೊತ್ತು," ಎಂದರು.

"ಎಲ್ಲಾರಿಗೂ ಗೊತ್ತಿತ್ತು. ಅದನ್ನ ಕೇಳಾಕ ಬಂದೀನಿ ನಾ." ಅವಳು ತೋಳು ಸರಿಸಿ ಸೊಟ್ಟ ಕೈಯನ್ನು ಅವರ ಮುಖದ ಮುಂದೆ ಹಿಡಿದಳು. "ಮೊನ್ನೆ ಒಂದ ಕುಂಬಳಕಾಯಿ ಒಡದದ್ದಕ್ಕ ಪೊಲೀಸರಿಗೆ ಫೋನ್ ಮಾಡಿದಿ. ನಮ್ಮವ್ವನ ತಲಿ ಒಡದಾಗ ನಿಮ್ಮ ಮನ್ಯಾಗ ರೇಡಿಯೋ ಯಾಕ ಜೋರಾತು?"

ಮಾಸ್ತರ ಕೈ ತಾನಾಗಿ ಕಿವಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಮ್ಮಲ್ಲಿ ಅನ್ನುತ್ತಾರೆ, ಅದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ.

"ಒಂದ ಇಟ್ಟಂಗಿ ಗ್ವಾಡಿ," ಎಂದಳು ಅಜ್ಜಿ. "ನೀವು ಕೆಮ್ಮಿದ್ರ ನಮಗ ಕೇಳಸ್ತಿತ್ತು. ನಮ್ಮಪ್ಪ ಶುರು ಮಾಡಿದ ಕೂಡ್ಲೆ ನಿಮ್ಮ ರೇಡಿಯೋ ಏರ್ತಿತ್ತು. ಪ್ರತಿ ಶನಿವಾರ. ಅವತ್ತು ಕುಣಿಯೋ ಪದ ಹಚ್ಚಿದ್ರಿ. ನಮ್ಮವ್ವ ಸಾಯೂತನಕಾ ಹಚ್ಚಿದ್ರಿ."

ಮಾಸ್ತರು ಫಲಕವನ್ನು ಎದೆಗೆ ಒತ್ತಿ ಹಿಡಿದರು.

"ನನಗೆ ಆರು ವರ್ಷ," ಎಂದರು.

"ನನಗ ಒಂಬತ್ತು," ಎಂದಳು.

ಅವರು ಫಲಕವನ್ನು ಗೋಡೆಗೆ ಒರಗಿಸಿ, ಎರಡೂ ಕೈ ಖಾಲಿ ಮಾಡಿಕೊಂಡು ನಿಂತರು. "ನಮ್ಮಮ್ಮ ಮೊದಲು ನನ್ನ ಕಿವಿ ಮುಚ್ಚುತ್ತಿದ್ದಳು. ಅಳು ನಿಲ್ಲದಿದ್ದರೆ ರೇಡಿಯೋ. ಅವತ್ತು ಅಪ್ಪ ಎದ್ದು ಬಾಗಿಲ ತನಕ ಹೋದರು. ಅಮ್ಮ ಅಡ್ಡ ನಿಂತಳು. ಕ್ಲಬ್ಬಿನವರನ್ನು ಎದುರು ಹಾಕಿಕೊಂಡು ಈ ಊರಲ್ಲಿ ಬಾಳೋಕಾಗುತ್ತಾ ಅಂದಳು. ಅಪ್ಪ ಬಂದು ಕೂತರು." ಅಜ್ಜಿಯ ಸೊಟ್ಟ ಕೈ ನೋಡಿದರು. "ಗೊತ್ತಿತ್ತು. ನಮಗೆಲ್ಲ ಗೊತ್ತಿತ್ತು."

ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದಳು. ಅಳಲಿಲ್ಲ. ಅತ್ತದ್ದು ನಾನು, ಮೂಗು ಒರೆಸಿಕೊಂಡರೆ ಮುಖವೆಲ್ಲ ಹಿಟ್ಟು.

"ಆತು," ಎಂದಳು ಕೊನೆಗೆ. "ಒಬ್ಬರರ ಅಂದ್ರಲ್ಲ."

ಮಾಸ್ತರು ಏಣಿಯವನಿಗೆ ಇಳಿ ಎಂದರು. ಫಲಕವನ್ನು ಬಟ್ಟೆ ಸಮೇತ ಯಾರೋ ಕಾರಿನಲ್ಲಿಟ್ಟರು. ನಾನೂ ಅವ್ವನೂ ಅಜ್ಜಿಯ ಎರಡೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆವು. ಭಾಷೆ ಬಾರದ ಅವ್ವ ಅವಳ ಬೆನ್ನು ಸವರುತ್ತಾ, "ಭಾಳ ತಡದಿ ನನ್ನವ್ವಾ, ಭಾಳ ತಡದಿ," ಎನ್ನುತ್ತಿದ್ದಳು. ಅಜ್ಜಿಗೆ ಏನು ತಿಳಿಯಿತೋ, ತಲೆಯಾಡಿಸಿದಳು. ಒಳಗೆ ಬರಲಿಲ್ಲ. ಅವಳ ಫ್ಲ್ಯಾಟಿನ ತನಕ ಅವ್ವನೇ ಕರೆದುಕೊಂಡು ಹೋದಳು, ಅಲ್ಲೇ ಕೂತಳು.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಗಂಡ ಬೆಳಗಿನಿಂದ ನುಂಗಿಕೊಂಡಿದ್ದನ್ನೆಲ್ಲ ಕಕ್ಕಿದ. ಬೀದಿಯವರ ಮುಂದೆ ಏಣಿ ಅಲುಗಿಸಿದೆಯಲ್ಲ, ಅವನು ಬಿದ್ದು ಸತ್ತಿದ್ದರೆ ಜೈಲಿಗೆ ಹೋಗುತ್ತಿದ್ದೆಯಲ್ಲ, ಡಾಕ್ಟರೇನೇ ನೀನು, ರಾಕ್ಷಸಿಯೇ ಎಂದ. ನಾನು ಬಿಡುತ್ತೇನೆಯೇ? ನಿನ್ನ ಫುಟ್‌ಬಾಲಿಗಿಷ್ಟು ಬೆಂಕಿ ಬೀಳಲಿ, ಕಾಲು ಮುರಿದ ಕಥೆಗೆ ಹೋ ಎಂದು ನಕ್ಕವನು ನೀನೇ ಅಲ್ಲವೇನೋ ಎಂದೆ. ದನಿ ಏರಿತು. ಅವನು ಮೇಜು ಗುದ್ದಿದ. ನಾನು ರೊಟ್ಟಿಯ ಹಂಚನ್ನು ಎತ್ತಿ ನೆಲಕ್ಕೆ ಎಸೆದೆ, ಅದು ಪುಟಿದು ಗೋಡೆಗೆ ಬಡಿದು ಗಂಟೆ ಹೊಡೆದ ಹಾಗೆ ಸದ್ದಾಯಿತು. ಅಯ್ಯೋ ಎಂದು ಕೂಗಿದೆ, ಕಾಲಿಗೆ ತಗುಲಿತ್ತು.

ಬಾಗಿಲು ಬಡಿದರು.

ಗಂಡ ತೆಗೆದ. ಮಾಸ್ತರು ನಿಂತಿದ್ದರು. ಟೈ ಇಲ್ಲ, ಮನೆಯಲ್ಲಿ ಹಾಕುವ ಚಪ್ಪಲಿ, ಆಗಷ್ಟೇ ಹಿಡಿದ ಮಳೆಗೆ ತೊಯ್ದ ತಲೆ, ಒಂದು ಕೈಯಲ್ಲಿ ಊರುಗೋಲು. ಅದನ್ನು ಊರಿ ಹಿಡಿದಿರಲಿಲ್ಲ, ಎತ್ತಿ ಹಿಡಿದಿದ್ದರು. ತೊಂಬತ್ತರ ಮುದುಕ, ಗಾಳಿ ಬೀಸಿದರೆ ಬೀಳುವಂತಿದ್ದರು. ನನ್ನ ಗಂಡನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ ನನ್ನನ್ನು ಹುಡುಕಿದರು.

"ನಿನಗೆ ಏನೂ ಆಗಿಲ್ಲ ತಾನೇ?" ಎಂದರು.

ನಿಮಗ್ಯಾಕ್ರೀ ನಮ್ಮ ಮನೆ ಉಸಾಬರಿ ಎಂದು ಬಾಯಿಗೆ ಬಂತು. ಆದರೆ ಅವರ ಮುಖ ನೋಡಿ ಅದನ್ನು ನುಂಗಿಕೊಂಡೆ. ಗಂಡನೂ ತಲೆ ತಗ್ಗಿಸಿ, "ಇಲ್ಲ ಸರ್, ಹಂಚು ಎಸೆದದ್ದು ಅವಳೇ," ಎಂದ. ಮಾಸ್ತರು ಅವನ ಮಾತು ಕೇಳಿಸಿಕೊಳ್ಳಲಿಲ್ಲ. ನಾನೇ ಹೇಳಲಿ ಎಂದು ಕಾಯುತ್ತಿದ್ದರು.

"ಇಲ್ಲ," ಎಂದೆ. "ಏನೂ ಆಗಿಲ್ಲ."

ಅವರು ಕೋಲು ಕೆಳಗಿಳಿಸಿದರು. ನಮ್ಮೆರಡೂ ಮನೆಗಳ ನಡುವಿನ ಗೋಡೆಯ ಕಡೆ ಕೈ ಮಾಡಿ, "ಕೇಳಿಸಿತು," ಎಂದರು. "ಅದಕ್ಕೇ ಬಂದೆ."